ಮುಳುಗಿದ ಕಾಡು, ಮುಚ್ಚಿದ ಗಾಳ

ಪ್ಲಾಸ್ಟಿಕ್ ಎರೆಹುಳುವಿನಿಂದ ಬಾಸ್ ಮೀನು ಹಿಡಿಯುವ ವಿದ್ಯೆಯ ಚರಿತ್ರೆಯನ್ನು ಅಮೆರಿಕದಲ್ಲಿ ಸಾಮಾನ್ಯವಾಗಿ ಒಂದು ಮನೆಯ ಒಲೆಯಿಂದ ಶುರುಮಾಡುತ್ತಾರೆ. ಓಹಾಯೋ ರಾಜ್ಯದ ಏಕ್ರನ್ ಊರಿನಲ್ಲಿ ನಿಕ್ ಕ್ರೀಮ್ ಎಂಬ ಯಂತ್ರಕೆಲಸಗಾರ ಮತ್ತು ಅವನ ಹೆಂಡತಿ ಕಾಸ್ಮಾ 1949ರಲ್ಲಿ ವಿನೈಲ್, ಎಣ್ಣೆ, ಬಣ್ಣಗಳನ್ನು ಬೆರೆಸಿ ಕಾಯಿಸಿದರು. ಅದನ್ನು ಹುಳುವಿನ ಅಚ್ಚಿಗೆ ಎರೆದು, ನೀರಿನಲ್ಲಿ ಜೀವವಿದ್ದಂತೆ ಬಳುಕುವ ಒಂದು ವಸ್ತುವನ್ನು ಮಾಡಿಕೊಂಡರು. 1951ರಲ್ಲಿ ಅದು ಅಂಚೆಯ ಮೂಲಕ, ಡಾಲರಿಗೆ ಐದರಂತೆ, ಮಾರಾಟಕ್ಕೆ ಬಂತು. ಈ ಕಥೆ ನಿಜ. ಇದರಲ್ಲಿ ದುಡಿದು ಬದುಕುವವರ ಜಾಣ್ಮೆಯಿದೆ, ಹಟವಿದೆ. ಜನ ಇದನ್ನು ಮತ್ತೆ ಮತ್ತೆ ಹೇಳುವುದರಲ್ಲಿ ತಪ್ಪಿಲ್ಲ. ಆದರೆ ಹುಳು ಹುಟ್ಟಿದ ದಿನವೇ ಅದನ್ನು ಗಾಳಕ್ಕೆ ಪೋಣಿಸುವ ಸರಿಯಾದ ಬಗೆ ಹುಟ್ಟಲಿಲ್ಲ. ಅದಕ್ಕೆ ಇನ್ನೂ ಹತ್ತು ವರ್ಷಕ್ಕೂ ಮಿಕ್ಕಿ ಬೇಕಾಯಿತು, ಮತ್ತು ಅದು ಹುಟ್ಟಿದ್ದು ಏಕ್ರನ್‌ನಿಂದ ಬಲುದೂರದ ಪೂರ್ವ ಟೆಕ್ಸಾಸಿನಲ್ಲಿ. ಹುಳುವನ್ನು ಪ್ರಸಿದ್ಧ ಮಾಡಿದ್ದು ಅದರ ಪ್ಲಾಸ್ಟಿಕ್ಕಿಗಿಂತ ಹೆಚ್ಚಾಗಿ ಗಾಳದ ಮೊನೆಯನ್ನು ಅದರ ಮೈಯೊಳಗೆ ಮುಚ್ಚುವ ಕ್ರಮ, ಮತ್ತು ಆ ಕ್ರಮವನ್ನು ಕಲಿಸಿದ್ದು ಅಣೆಕಟ್ಟುಗಳು ಮುಳುಗಿಸಿದ ಕಾಡು ಎಂಬುದು ನನ್ನ ವಾದ.

ಮೊದಲು ಏಕ್ರನ್‌ಗೆ ಸಲ್ಲಬೇಕಾದದ್ದನ್ನು ಸಲ್ಲಿಸೋಣ. ಗುಡ್‌ಯಿಯರ್, ಫೈರ್‌ಸ್ಟೋನ್, ಗುಡ್‌ರಿಚ್ ಕಂಪನಿಗಳ ಟೈರು ಕಾರ್ಖಾನೆಗಳಿಂದ ಅಮೆರಿಕದ ರಬ್ಬರ್ ರಾಜಧಾನಿ ಎನಿಸಿಕೊಂಡಿದ್ದ ಊರು ಅದು. ಗುಡ್‌ರಿಚ್ ಕಂಪನಿಯಲ್ಲಿ ವಾಲ್ಡೋ ಸೆಮನ್ ಎಂಬ ರಸಾಯನಶಾಸ್ತ್ರಜ್ಞ 1926ರಲ್ಲಿ ರಬ್ಬರನ್ನು ಲೋಹಕ್ಕೆ ಅಂಟಿಸುವ ಅಂಟೊಂದನ್ನು ಹುಡುಕುತ್ತಿದ್ದ. ಯಾರಿಗೂ ಬೇಡವಾಗಿದ್ದ ಪಿವಿಸಿ ಎಂಬ ಗಡುಸು ಪದಾರ್ಥವನ್ನು ಸುಲಭವಾಗಿ ಆವಿಯಾಗದ ದ್ರಾವಕದಲ್ಲಿ ಹಾಕಿ ಕಾಯಿಸಿದ. ಅಂಟು ಸಿಗಲಿಲ್ಲ, ತಣಿದ ಮೇಲೆ ರಬ್ಬರಿನಂತೆ ಬಾಗುವ, ಪುಟಿಯುವ ಮುದ್ದೆಯೊಂದು ಸಿಕ್ಕಿತು. ಮಳೆಕೋಟು, ಪರದೆ, ವಿದ್ಯುತ್ ತಂತಿಯ ಹೊದಿಕೆ ಎಲ್ಲವೂ ಆ ಮೆದು ಪಿವಿಸಿಯಿಂದ ಬಂದವು. ಗಡುಸು ಪುಡಿಗೆ ಎಣ್ಣೆಯಂಥ ದ್ರವವನ್ನು ಊಡಿಸಿ ಮೆದುಮಾಡುವ ಈ ಕ್ರಮವೇ ಕ್ರೀಮ್ ದಂಪತಿಯ ಹುಳುವಿನ ಮೂಲ. ಅದಕ್ಕೂ ಮೊದಲು ರಬ್ಬರಿನ ಹುಳುಗಳು ಇದ್ದವು. ಅವು ಬಿರುಸಾಗಿದ್ದವು, ನೀರಿನಲ್ಲಿ ಕಡ್ಡಿಯಂತೆ ನಿಲ್ಲುತ್ತಿದ್ದವು. ವಿನೈಲ್ ಹುಳುವಿಗೆ ಮಾತ್ರ ನೀರಿನ ಸಣ್ಣ ಸೆಳೆತಕ್ಕೂ ಓಲಾಡುವ ಮೆದುತನ ಬಂತು. ಆದರೆ ಅದನ್ನು ಗಾಳಕ್ಕೆ ಜೋಡಿಸಿದ ರೀತಿಯನ್ನು ನೋಡಿ. ಹುಳುವಿನ ಉದ್ದಕ್ಕೂ ದಾರ ಹಾಯಿಸಿ, ಮೂರು ಗಾಳಗಳನ್ನು ಕಟ್ಟಿ, ಮುಂದೆ ಬಣ್ಣದ ಮಣಿಗಳನ್ನೂ ತಿರುಗುವ ಪುಟ್ಟ ರೆಕ್ಕೆಯನ್ನೂ ಪೋಣಿಸಿ ಮಾರುತ್ತಿದ್ದರು. ಗಾಳದ ಮೊನೆಗಳೆಲ್ಲ ಹೊರಗೆ ಚಾಚಿಕೊಂಡಿದ್ದವು. ತೆರೆದ ನೀರಿನಲ್ಲಿ ಎಳೆಯುವುದಕ್ಕೆ ಇದು ಸಾಕು. ಒಂದು ಕೊಂಬೆ ಅಡ್ಡ ಬಂದರೆ ಮುಗಿಯಿತು.

ಬಾಸ್ ಮೀನು ಇರುವುದೇ ಕೊಂಬೆ ಅಡ್ಡ ಬರುವ ಕಡೆ ಎಂಬುದು ಇಲ್ಲಿನ ತೊಡಕು. ಉತ್ತರ ಅಮೆರಿಕದ ಪೂರ್ವಾರ್ಧದ ಸಿಹಿನೀರಿಗೆ ಸೇರಿದ ಈ ದೊಡ್ಡಬಾಯಿ ಮೀನು ಅಟ್ಟಿಸಿಕೊಂಡು ಹೋಗಿ ಬೇಟೆಯಾಡುವುದು ಕಡಿಮೆ. ಬಿದ್ದ ಮರದ ಪಕ್ಕ, ಜೊಂಡಿನ ಅಂಚು, ಬೇರಿನ ಸಂದು, ಇಂಥ ಮರೆಯಲ್ಲಿ ಹೊಂಚುಹಾಕಿ, ಹತ್ತಿರ ಬಂದದ್ದನ್ನು ನೀರಿನ ಸಮೇತ ಬಾಯೊಳಕ್ಕೆ ಹೀರಿಕೊಳ್ಳುತ್ತದೆ. ಬಾಯಿಗೆ ಬಂದದ್ದು ಹಿತವಾಗದಿದ್ದರೆ ಅಷ್ಟೇ ಬೇಗ ಉಗುಳುತ್ತದೆ. ಮರದ ಮೀನು, ತಗಡಿನ ಚಮಚೆಯಂಥ ಹುಸಿ ಎರೆಗಳನ್ನೆಲ್ಲ ಅದು ಕಚ್ಚಿದ ಮರುಕ್ಷಣ ಬಿಟ್ಟುಬಿಡುತ್ತಿತ್ತು. ಮೆದು ಹುಳುವನ್ನು ತುಸು ಹೊತ್ತು ಬಾಯಲ್ಲಿ ಇಟ್ಟುಕೊಳ್ಳುತ್ತದೆ. ಹಾಗಾದರೆ ಹುಳುವನ್ನು ಮೀನಿನ ಮನೆಬಾಗಿಲಿಗೇ ಒಯ್ಯಬೇಕು. ಒಯ್ದರೆ ಗಾಳ ಮರಕ್ಕೆ ಸಿಕ್ಕಿಕೊಳ್ಳುತ್ತದೆ. ಈ ಎರಡು ಮಾತುಗಳ ನಡುವಿನ ಇಕ್ಕಟ್ಟು ಬಿಡಿಸದೆ ಮೆದು ಪ್ಲಾಸ್ಟಿಕ್ಕಿನ ನಿಜವಾದ ಲಾಭ ಯಾರಿಗೂ ದಕ್ಕುವಂತಿರಲಿಲ್ಲ.

ಈಗ ಟೆಕ್ಸಾಸಿಗೆ ಬರೋಣ. ಆ ವಿಶಾಲ ರಾಜ್ಯದಲ್ಲಿ ಸಹಜವಾಗಿ ಆದ ದೊಡ್ಡ ಸರೋವರ ಎಂದು ಹೆಸರಿಸುವುದು ಲೂಯಿಸಿಯಾನದ ಗಡಿಯ ಕ್ಯಾಡೊ ಒಂದನ್ನೇ. ಅದೂ ರೆಡ್ ನದಿಯಲ್ಲಿ ಶತಮಾನಗಳ ಕಾಲ ಕೊಚ್ಚಿಬಂದು ಒಟ್ಟಿಕೊಂಡ ಮರದ ದಿಮ್ಮಿಗಳ ತಡೆಯಿಂದ ನಿಂತ ನೀರು. ಉಳಿದದ್ದೆಲ್ಲ ಮನುಷ್ಯ ಕಟ್ಟಿ ನಿಲ್ಲಿಸಿದ್ದು. 1950ರಿಂದ 1957ರವರೆಗೆ ಟೆಕ್ಸಾಸನ್ನು ಸುಟ್ಟ ಬರ ಆ ರಾಜ್ಯದ ದಾಖಲೆಗಳಲ್ಲೇ ಅತಿ ಕೆಟ್ಟದ್ದು. ಅದರ ಪೆಟ್ಟಿನಿಂದಲೇ 1957ರಲ್ಲಿ ರಾಜ್ಯದ ಜಲ ಅಭಿವೃದ್ಧಿ ಮಂಡಳಿ ಹುಟ್ಟಿತು, ಅಣೆಕಟ್ಟುಗಳಿಗೆ ದುಡ್ಡು ಹರಿಯಿತು. ಏಂಜಲೀನಾ ನದಿಗೆ ಅಡ್ಡಲಾಗಿ ಕಟ್ಟಿದ ಸ್ಯಾಮ್ ರೇಬರ್ನ್ ಜಲಾಶಯದಲ್ಲಿ 1965ರಿಂದ ನೀರು ನಿಲ್ಲತೊಡಗಿತು. ತುಂಬಿದಾಗ ಅದರ ಹರವು 1,14,500 ಎಕರೆ. ಮಗ್ಗುಲಿನ ಸಬೀನ್ ನದಿಯಲ್ಲಿ ಟೆಕ್ಸಾಸ್ ಮತ್ತು ಲೂಯಿಸಿಯಾನ ಸೇರಿ ಕಟ್ಟಿದ ಟೊಲೆಡೊ ಬೆಂಡ್ ಅದಕ್ಕಿಂತ ದೊಡ್ಡದು, ಸುಮಾರು 1,85,000 ಎಕರೆ; ಅಲ್ಲಿ ನೀರು ನಿಲ್ಲತೊಡಗಿದ್ದು 1966ರಲ್ಲಿ. ಪೂರ್ವ ಟೆಕ್ಸಾಸ್ ಪೈನ್ ಮತ್ತು ಓಕ್ ಕಾಡಿನ ನಾಡು. ಮುಳುಗಡೆಯಾಗುವ ಅಷ್ಟೂ ಕಾಡನ್ನು ಕಡಿದು ಸಾಗಿಸುವುದು ದುಬಾರಿ ಕೆಲಸ. ಹೀಗಾಗಿ ದೋಣಿ ಓಡಾಡುವುದಕ್ಕೆ ಬೇಕಾದ ದಾರಿಗಳನ್ನು ಬಿಡಿಸಿಕೊಂಡು, ಮಿಕ್ಕ ಎಷ್ಟೋ ಮರಗಳನ್ನು ನಿಂತಂತೆಯೇ ಬಿಟ್ಟರು. ನೀರು ಏರಿತು, ಮರ ಸತ್ತಿತು, ಕಾಂಡ ಮತ್ತು ಕೊಂಬೆ ಮಾತ್ರ ನೀರಿನೊಳಗೆ ಉಳಿದವು. ಹೊಸದಾಗಿ ಮುಳುಗಿದ ನೆಲದ ಹುಲ್ಲು, ಎಲೆ, ಮಣ್ಣಿನ ಸಾರ ನೀರಿಗೆ ಬಿಟ್ಟುಕೊಂಡು ಮೊದಲ ಕೆಲವು ವರ್ಷ ಜಲಾಶಯದ ಮೀನುಸಂಪತ್ತು ಉಕ್ಕಿ ಬರುತ್ತದೆ ಎಂಬುದು ಮೀನುಗಾರಿಕಾ ವಿಜ್ಞಾನಿಗಳಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಅಂದರೆ 1960ರ ದಶಕದ ಕೊನೆಯ ಪೂರ್ವ ಟೆಕ್ಸಾಸಿನಲ್ಲಿ ಮೀನು ಹಿಂದೆಂದೂ ಇಲ್ಲದಷ್ಟು ಇತ್ತು, ಮತ್ತು ಆ ಮೀನು ಇದ್ದದ್ದು ಗಾಳಕ್ಕೆ ಎಟುಕದ ಮರಗಳ ನಡುವೆ. ಈ ಹೊಸ ನೀರಿನ ಕೆಳಗೆ ಜನರ ಹೊಲ, ರಸ್ತೆ, ಮನೆಯ ತಳಪಾಯಗಳೂ ಇದ್ದವು ಎಂಬುದನ್ನು ಮರೆಯಬಾರದು. ಇದಕ್ಕೆ ಮೂರು ದಶಕ ಮೊದಲು ಟೆನಿಸ್ಸಿಯಲ್ಲಿ ನಾರಿಸ್ ಅಣೆಕಟ್ಟು ಒಂದಕ್ಕೇ ಮೂರು ಸಾವಿರದಷ್ಟು ಕುಟುಂಬಗಳು ಜಾಗ ಬಿಟ್ಟಿದ್ದವು. ಅಮೆರಿಕದ ಬಾಸ್ ಬೇಟೆಯ ಸಮೃದ್ಧಿ ಯಾರದೋ ಊರಿನ ಮೇಲೆ ನಿಂತ ನೀರಿನಿಂದ ಬಂದದ್ದು.

ಕ್ರೀಮ್ ಅವರ ಕಂಪನಿ 1960ರ ಸುಮಾರಿಗೆ ಟೆಕ್ಸಾಸಿನ ಟೈಲರ್ ಊರಿಗೆ ಬಂತು. ಆ ಊರಿನ ಸುತ್ತಮುತ್ತಲ ಜಲಾಶಯಗಳಲ್ಲಿ, ಆ ದಶಕದಲ್ಲಿ, ಇಂದು ಟೆಕ್ಸಾಸ್ ರಿಗ್ ಎಂದು ಕರೆಯುವ ಜೋಡಣೆ ರೂಪುಗೊಂಡಿತು. ಅದನ್ನು ಮಾಡುವ ಬಗೆ ಹೀಗೆ. ಗುಂಡಿನಾಕಾರದ, ನಡುವೆ ತೂತಿರುವ ಸೀಸದ ತೂಕವನ್ನು ಚೂಪು ತುದಿ ಕೋಲಿನ ಕಡೆಗಿರುವಂತೆ ದಾರಕ್ಕೆ ಪೋಣಿಸಬೇಕು. ತುದಿಗೆ ಒಂಟಿ ಗಾಳವನ್ನು ಕಟ್ಟಬೇಕು. ಗಾಳದ ಮೊನೆಯನ್ನು ಹುಳುವಿನ ತಲೆಯ ನಡುಮಧ್ಯಕ್ಕೆ ಅರ್ಧ ಸೆಂಟಿಮೀಟರಿನಷ್ಟು ಚುಚ್ಚಿ ಪಕ್ಕದಿಂದ ಹೊರತೆಗೆದು, ದಾರ ಕಟ್ಟಿದ ಕಣ್ಣು ತಲೆಯೊಳಗೆ ಅಡಗುವವರೆಗೂ ಎಳೆಯಬೇಕು. ಆಮೇಲೆ ಗಾಳವನ್ನು ಅರ್ಧ ಸುತ್ತು ತಿರುಗಿಸಿ, ಮೊನೆ ಹುಳುವಿನ ಮೈಗೆ ಎಲ್ಲಿ ತಾಗುತ್ತದೆ ಎಂದು ಅಳೆದು, ಅಲ್ಲಿಯೇ ಮತ್ತೆ ಒಳಕ್ಕೆ ಚುಚ್ಚಬೇಕು. ಮೊನೆ ಆಚೆ ಚರ್ಮದ ಹತ್ತಿರ ಬಂದು ನಿಲ್ಲಬೇಕು, ಹೊರಬರಬಾರದು. ಹುಳು ನೆಟ್ಟಗೆ ನೇತಾಡಬೇಕು. ಎಲ್ಲಾದರೂ ಗೂನಾಗಿದ್ದರೆ ನೀರಿನಲ್ಲಿ ಗಿರಗಿರ ಸುತ್ತಿ ದಾರವನ್ನೆಲ್ಲ ಹುರಿಮಾಡಿಬಿಡುತ್ತದೆ. ಇಲ್ಲಿ ಪ್ರತಿಯೊಂದು ಭಾಗವೂ ಮರಕ್ಕೆ ಕೊಟ್ಟ ಉತ್ತರ. ತೂಕದ ಚೂಪು ಮೂತಿ ಕವಲುಗಳ ನಡುವೆ ನುಸುಳುವುದಕ್ಕೆ. ಮುಚ್ಚಿದ ಮೊನೆ ತೊಗಟೆಗೆ ನಾಟದಿರುವುದಕ್ಕೆ. ತೂಕ ದಾರದ ಮೇಲೆ ಜಾರುವುದರಿಂದ ಮೀನು ಹುಳುವನ್ನು ಎತ್ತಿದಾಗ ಸೀಸದ ಭಾರ ಅದಕ್ಕೆ ತಿಳಿಯುವುದಿಲ್ಲ. ಆದರೆ ದಟ್ಟ ಕೊಂಬೆಗಳಲ್ಲಿ ಆ ಜಾರುವ ಗುಣವೇ ತೊಂದರೆಯಾಗಿ, ತೂಕ ಕೊಂಬೆಯ ಈಚೆಗೂ ಹುಳು ಆಚೆಗೂ ಸಿಕ್ಕಿಕೊಳ್ಳುತ್ತಿತ್ತು. ಅದಕ್ಕೆ ತೂಕದ ತೂತಿಗೆ ಹಲ್ಲುಕಡ್ಡಿಯ ತುದಿಯನ್ನು ತುರುಕಿ, ಉಳಿದದ್ದನ್ನು ಮುರಿದು, ತೂಕವನ್ನು ಹುಳುವಿನ ತಲೆಗೆ ಒತ್ತಿ ನಿಲ್ಲಿಸುವುದನ್ನು ಕಂಡುಕೊಂಡರು. ಈ ಹಲ್ಲುಕಡ್ಡಿಯಷ್ಟು ಸ್ಪಷ್ಟವಾದ ಸಾಕ್ಷ್ಯ ನನ್ನ ವಾದಕ್ಕೆ ಬೇರೆ ಇಲ್ಲ. ತೆರೆದ ನೀರಿನಲ್ಲಿ ಗಾಳ ಹಾಕುವವನಿಗೆ ಅದರ ಅಗತ್ಯವೇ ತೋರುವುದಿಲ್ಲ.

ಮೊನೆ ಮುಚ್ಚಿದ ಮೇಲೆ ಕೋಲೂ ಬದಲಾಗಬೇಕಾಯಿತು. ಮೀನು ಕಚ್ಚಿದಾಗ ಮೊನೆ ಮೊದಲು ಪ್ಲಾಸ್ಟಿಕ್ಕನ್ನು ಸೀಳಿ, ಆಮೇಲೆ ದವಡೆಗೆ ನಾಟಬೇಕು. ಮೀನು ಮರಕ್ಕೆ ಸುತ್ತಿಕೊಳ್ಳುವ ಮೊದಲೇ ಅದನ್ನು ಮೇಲಕ್ಕೆ ತಿರುಗಿಸಬೇಕು. ಬಾಗಿ ಬಳುಕುವ ಕೋಲಿನಿಂದ ಇದಾಗದು. ಹುಳುವಿಗೆಂದೇ ಬಿರುಸಾದ ಕೋಲುಗಳು ಬಂದವು, ದಪ್ಪ ನೈಲಾನ್ ದಾರ ಬಂತು, 1970ರ ದಶಕದಲ್ಲಿ ಹಗುರವಾಗಿಯೂ ಬಿರುಸಾಗಿಯೂ ಇರುವ ಗ್ರಾಫೈಟ್ ಕೋಲುಗಳು ಬಂದವು.

ಇಷ್ಟಕ್ಕೆ ಆಕ್ಷೇಪಗಳು ಬರುತ್ತವೆ, ಬರಬೇಕು. ಕಸಕ್ಕೆ ಸಿಕ್ಕದ ಗಾಳದ ಯೋಚನೆ ಟೆಕ್ಸಾಸಿಗಿಂತ ಎಷ್ಟೋ ಹಳೆಯದಲ್ಲವೇ ಎಂಬುದು ಮೊದಲನೆಯದು. ಹೌದು. ಮೊನೆಯ ಮುಂದೆ ತಂತಿಯ ತಡೆ ಕಟ್ಟಿದ ಗಾಳಗಳು, ಹಂದಿಯ ಚರ್ಮದ ಪಟ್ಟಿ ಸಿಕ್ಕಿಸಿದ ಚಮಚೆಗಳು ಇಪ್ಪತ್ತನೇ ಶತಮಾನದ ಆರಂಭದಿಂದಲೇ ಅಂಗಡಿಗಳಲ್ಲಿ ಇದ್ದವು. ಆದರೆ ಅವು ತಾವರೆ ಎಲೆ, ಜೊಂಡುಗಳ ಮೇಲೆ ಜಾರಿಸಿ ಎಳೆಯುವುದಕ್ಕೆ ಹೊಂದುವಂಥವು. ಇಪ್ಪತ್ತು ಅಡಿ ಆಳದ ಮರದ ಬುಡಕ್ಕೆ ಇಳಿಸಿ, ಕೊಂಬೆಯಿಂದ ಕೊಂಬೆಗೆ ನಿಧಾನ ಹತ್ತಿಸಿ ಇಳಿಸುವ ಕೆಲಸಕ್ಕೆ ಸಾಲುತ್ತಿರಲಿಲ್ಲ. ಇದಕ್ಕೆ ಎದುರಾಗಿ ಇನ್ನೊಬ್ಬರು, ಮೆದು ಪ್ಲಾಸ್ಟಿಕ್ ಇದ್ದ ಮೇಲೆ ಮೊನೆಯನ್ನು ಅದರೊಳಗೆ ಮುಚ್ಚುವುದು ಎಂದಾದರೂ ಆಗಿಯೇ ತೀರುತ್ತಿತ್ತು, ಕಾಡಿನ ಮಾತು ಏಕೆ ಎನ್ನಬಹುದು. ಹಾಗಿದ್ದರೆ ಪ್ಲಾಸ್ಟಿಕ್ ಹುಳು ಮಾರುಕಟ್ಟೆಗೆ ಬಂದ ಮೇಲೂ ಅದು ಮೂರು ಗಾಳ ಚಾಚಿಕೊಂಡೇ ಏಕೆ ಉಳಿಯಿತು? ಉತ್ತರದ ಸರೋವರಗಳಲ್ಲಿ ಅದನ್ನು ಬಳಸಿದವರು ದಡ್ಡರಾಗಿರಲಿಲ್ಲ; ಮೊನೆ ಮುಚ್ಚಲು ಅವರಿಗೆ ಒತ್ತಾಯವಿರಲಿಲ್ಲ ಅಷ್ಟೇ. ಈ ಜೋಡಣೆಗೆ ಒಬ್ಬನೇ ಕರ್ತೃವನ್ನು ಹುಡುಕುವ ಪ್ರಯತ್ನಗಳೂ ಇದೇ ಕಾರಣಕ್ಕೆ ಫಲಿಸುವುದಿಲ್ಲ. ಅದು ಒಂದು ಪ್ರದೇಶದ ಹೆಸರನ್ನು ಹೊತ್ತಿದೆ, ಯಾವ ವ್ಯಕ್ತಿಯ ಹೆಸರನ್ನೂ ಹೊತ್ತಿಲ್ಲ. ಒಂದೇ ಬಗೆಯ ತೊಡಕು ಒಂದೇ ಕಾಲಕ್ಕೆ ನೂರಾರು ಜನರ ಎದುರು ನಿಂತಾಗ ಹುಟ್ಟುವ ಪರಿಹಾರ ಹೀಗೆಯೇ ಇರುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ಬಲವಾದದ್ದು. ಹುಳುವನ್ನು ದೇಶಕ್ಕೆಲ್ಲ ಹಬ್ಬಿಸಿದ್ದು ಸ್ಪರ್ಧೆಗಳು ಮತ್ತು ವ್ಯಾಪಾರ ಎನ್ನುತ್ತದೆ ಅದು. ರೇ ಸ್ಕಾಟ್ ಎಂಬ ಅಲಬಾಮಾದ ವಿಮಾ ಏಜೆಂಟ್ 1967ರ ಜೂನ್‌ನಲ್ಲಿ ಅರ್ಕಾನ್ಸಾದ ಬೀವರ್ ಲೇಕ್‌ನಲ್ಲಿ 106 ಜನರನ್ನು ಸೇರಿಸಿ ಬಾಸ್ ಹಿಡಿಯುವ ಪಂದ್ಯ ನಡೆಸಿದ. ಮರುವರ್ಷ ಬಾಸ್ ಬೇಟೆಗಾರರ ಸಂಘ ಕಟ್ಟಿದ. ಅದರ ಪತ್ರಿಕೆಯ ಮೂಲಕ ಒಂದು ಮೂಲೆಯ ಗುಟ್ಟು ಇನ್ನೊಂದು ಮೂಲೆಗೆ ಹೋಯಿತು. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಪಂದ್ಯಗಳು ನಡೆದದ್ದು ಎಲ್ಲಿ? ಬೀವರ್ ಲೇಕ್ ಎಂಬುದು ವೈಟ್ ನದಿಗೆ ಕಟ್ಟಿದ, 1966ರಲ್ಲಷ್ಟೇ ಮುಗಿದ ಅಣೆಕಟ್ಟಿನ ನೀರು. ಅದೇ ಸಂಘದ ಬಾಸ್‌ಮಾಸ್ಟರ್ ಕ್ಲಾಸಿಕ್ ಪಂದ್ಯ 1971ರಲ್ಲಿ ಮೊದಲು ನಡೆದ ಲೇಕ್ ಮೀಡ್ ಹೂವರ್ ಅಣೆಕಟ್ಟಿನದು. ಹಣ್ಣಿನ ವಾಸನೆಯ ಜೆಲ್ಲಿ ವರ್ಮ್ ಮಾಡಿ ಹೆಸರಾದ ಟಾಮ್ ಮ್ಯಾನ್ ನೆಲೆಸಿದ್ದು ಅಲಬಾಮಾದ ಯುಫಾಲಾದಲ್ಲಿ, 1963ರಲ್ಲಿ ಚಾಟಹೂಚಿ ನದಿಗೆ ಕಟ್ಟಿದ ಜಲಾಶಯದ ದಂಡೆಯ ಮೇಲೆ. ವ್ಯಾಪಾರವೂ ಸ್ಪರ್ಧೆಯೂ ಅಣೆಕಟ್ಟಿನ ನೀರನ್ನೇ ಹಿಂಬಾಲಿಸಿದವು. ದ್ರಾಕ್ಷಿಯ ವಾಸನೆ ಬಾಸ್ ಮೀನಿಗೆ ಎಷ್ಟು ಹಿಡಿಸಿತೋ ಏನೋ, ಕೊಂಡವರಿಗಂತೂ ಹಿಡಿಸಿತು. ಆದರೆ ಆ ಹುಳುವನ್ನೂ ಮೊನೆ ಮುಚ್ಚಿಯೇ ಮರದ ನಡುವೆ ಇಳಿಸಬಹುದಿತ್ತು.

ನೀರಿನ ತಳ ಬದಲಾದಂತೆ ಜೋಡಣೆಯೂ ಬದಲಾದದ್ದು ಈ ವಾದಕ್ಕೆ ಇನ್ನೊಂದು ಪುರಾವೆ. ಮುಳುಗಿದ ಮರ ಶಾಶ್ವತವಲ್ಲ. ನೀರಿನ ಮಟ್ಟ ಏರಿಳಿಯುವ ಜಾಗದಲ್ಲಿ ಗಾಳಿ ತಾಗಿ ಕೊಳೆತು ಮುರಿಯುತ್ತದೆ. ಸಣ್ಣ ಕೊಂಬೆಗಳು ಮೊದಲು ಹೋಗುತ್ತವೆ. ಹಳೆಯದಾದ ಜಲಾಶಯದಲ್ಲಿ ದೊಡ್ಡ ಮೀನುಗಳು ಬೋಳು ದಿಬ್ಬಗಳಿಗೂ ಹಳೆಯ ಹಳ್ಳದ ಅಂಚುಗಳಿಗೂ ಸರಿಯುತ್ತವೆ. ಭಾರವಾದ ತೂಕವನ್ನು ಹುಳುವಿನಿಂದ ಎರಡು ಮೂರು ಅಡಿ ದೂರದಲ್ಲಿ ತಡೆದು ನಿಲ್ಲಿಸಿ, ತಳವನ್ನು ಕೆದಕುತ್ತ ಎಳೆಯುವ ಕ್ಯಾರೊಲೈನಾ ರಿಗ್ ಇಂಥ ಬಯಲಿಗೆ ಹೇಳಿಮಾಡಿಸಿದ್ದು. 1985ರ ಕ್ಲಾಸಿಕ್ ಪಂದ್ಯವನ್ನು ಜಾಕ್ ಚಾನ್ಸಲರ್ ಅರ್ಕಾನ್ಸಾ ನದಿಯಲ್ಲಿ ಗೆದ್ದದ್ದು ಭಾರದ ತೂಕದ ಹಿಂದೆ ಪುಟ್ಟ ನೇರ ಹುಳುವನ್ನು ಎಳೆದು. ಇತ್ತ ಪೂರ್ವ ಟೆಕ್ಸಾಸಿನಲ್ಲಿ ಮರ ಕೊಳೆಯುತ್ತಿದ್ದ ಕಾಲಕ್ಕೇ ಕಳೆ ಬಂತು. ಅಕ್ವೇರಿಯಂ ವ್ಯಾಪಾರದ ಮೂಲಕ 1950ರ ದಶಕದಲ್ಲಿ ಫ್ಲಾರಿಡಾಕ್ಕೆ ಬಂದ ಹೈಡ್ರಿಲ್ಲಾ ಎಂಬ ನೀರಗಿಡ ಅಲ್ಲಿಂದ ದಕ್ಷಿಣದ ಜಲಾಶಯಗಳಿಗೆಲ್ಲ ಹಬ್ಬಿತು. ಅದು ನಮ್ಮ ಕೆರೆಕುಂಟೆಗಳದ್ದೇ ಗಿಡ. ನಾನಾ ದೇಶಗಳ ಮಾದರಿಗಳ ಡಿಎನ್‌ಎ ಹೋಲಿಸಿ 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮೆರಿಕದ ದಕ್ಷಿಣದ ತಳಿಗೆ ಅತಿ ಹತ್ತಿರ ಬಂದದ್ದು ಬೆಂಗಳೂರಿನ ಮಾದರಿ. ದೋಣಿ ಓಡದಷ್ಟು ದಟ್ಟವಾಗಿ ಬೆಳೆವ ಈ ಗಿಡವನ್ನು ಕಿತ್ತುಹಾಕಬೇಕೆಂದು ದಂಡೆಯ ಮನೆಯವರು, ಬಾಸ್ ಅಡಗುವ ತಾಣವೆಂದು ಉಳಿಸಬೇಕೆಂದು ಬೇಟೆಗಾರರು ಜಗಳವಾಡಿದರು; ಟೆಕ್ಸಾಸಿನ ಲೇಕ್ ಕಾನ್ರೋದಲ್ಲಿ 1980ರ ದಶಕದ ಮೊದಲಲ್ಲಿ ಎರಡೂ ಮುಕ್ಕಾಲು ಲಕ್ಷದಷ್ಟು ಹುಲ್ಲುಗೆಂಡೆ ಮೀನುಗಳನ್ನು ಬಿಟ್ಟು ಕಳೆಯನ್ನು ಮೇಯಿಸಿದರು. ಮರಕ್ಕೆಂದು ಹುಟ್ಟಿದ ಟೆಕ್ಸಾಸ್ ರಿಗ್ ಈ ಕಳೆಯ ಚಾವಣಿಯನ್ನು ತೂರಲು ಇನ್ನೂ ಭಾರವಾದ ತೂಕದೊಂದಿಗೆ ಎರಡನೇ ಬದುಕು ಪಡೆಯಿತು.

ನನ್ನ ವಾದವನ್ನು ನಿಜಕ್ಕೂ ಪರೀಕ್ಷಿಸುವುದು ಜಪಾನ್. ಅಲ್ಲಿಗೆ ಬಾಸ್ ಮೀನು ಹೋದದ್ದು 1925ರಲ್ಲಿ. ಅಕಬೋಶಿ ಎಂಬ ಉದ್ಯಮಿ ಹಕೋನೆಯ ಆಶಿ ಸರೋವರಕ್ಕೆ ತರಿಸಿ ಬಿಟ್ಟ. ಇಂದು ಅಲ್ಲಿನ ಬೇಟೆಯ ಕೇಂದ್ರವಾದ ಬಿವಾ ಸಹಜ ಸರೋವರ, ಅಣೆಕಟ್ಟಿನದಲ್ಲ. ಆದರೂ ಹುಳು ಕಟ್ಟುವುದರಲ್ಲಿ ಕಳೆದ ಮೂರು ದಶಕಗಳ ಮುಖ್ಯ ಹೊಸತುಗಳು ಆ ದೇಶದಿಂದ ಬಂದವು. ತೂಕವನ್ನು ಕೆಳಗೆ ಇಳಿಬಿಟ್ಟು, ಅದರ ಮೇಲೆ ಸಣ್ಣ ಗಾಳಕ್ಕೆ ಹುಳುವಿನ ತುದಿಯನ್ನಷ್ಟೇ ಸಿಕ್ಕಿಸುವ ಡ್ರಾಪ್ ಶಾಟ್ ಅಲ್ಲಿಂದ 1990ರ ದಶಕದ ಕೊನೆಗೆ ಅಮೆರಿಕದ ಪಶ್ಚಿಮದ ತಿಳಿನೀರಿಗೆ ದಾಟಿತು. ಹುಳುವಿನ ತಲೆಗೆ ಮೊಳೆಯಂಥ ತೂಕ ತುರುಕುವ ನೆಕೊ ರಿಗ್ ಕೂಡ ಅಲ್ಲಿಯದು. ಇವುಗಳಲ್ಲಿ ಮೊನೆ ಬಹುತೇಕ ಬಯಲಾಗಿಯೇ ಇರುತ್ತದೆ. ಹಾಗಾದರೆ ಮುಳುಗಿದ ಕಾಡಿಲ್ಲದೆಯೂ ಹುಳುವಿನ ವಿದ್ಯೆ ಬೆಳೆಯಿತಲ್ಲ ಎಂದರೆ, ಬೆಳೆಯಿತು ಎಂದೇ ಒಪ್ಪಬೇಕು. ಕಾಡು ಕಲಿಸಿದ್ದು ಮೊನೆ ಮುಚ್ಚುವುದನ್ನು. ತಿಳಿನೀರು, ದಡದ ತುಂಬ ನಿಂತ ಗಾಳದವರು, ಎಷ್ಟೋ ಸಲ ಮೋಸಹೋಗಿ ಎಚ್ಚರಗೊಂಡ ಮೀನು ಕಲಿಸಿದ್ದು ಸಣ್ಣ ಗಾಳ, ತೆಳು ದಾರ, ಅಲುಗಾಟವೇ ಇಲ್ಲದಷ್ಟು ನಿಧಾನವನ್ನು. ಎರಡೂ ಕಡೆ ಪಾಠ ಬಂದದ್ದು ನೀರಿನಿಂದಲೇ, ಅಂಗಡಿಯಿಂದಲ್ಲ. ಇದೇ ಜಪಾನ್ 2005ರಲ್ಲಿ ಬಾಸ್ ಮೀನನ್ನು ಹಾನಿಕಾರಕ ಪರಕೀಯ ಜೀವಿಗಳ ಕಾನೂನಿನ ಪಟ್ಟಿಗೆ ಸೇರಿಸಿತು, ಏಕೆಂದರೆ ಬಿವಾದಂಥ ಹಳೆಯ ಸರೋವರಗಳ ಸ್ಥಳೀಯ ಮೀನುಗಳನ್ನು ಅದು ತಿಂದು ತೇಗುತ್ತಿತ್ತು. ಗಾಳ ಕಟ್ಟುವ ನಾಜೂಕನ್ನು ಮೆಚ್ಚುವವರು ಈ ಲೆಕ್ಕವನ್ನೂ ಒಪ್ಪಿಕೊಳ್ಳಬೇಕು.

ಜೋಡಣೆಯ ಬಗೆ ಮೀನಿನ ಮೇಲೆ ಮಾತ್ರವಲ್ಲ, ನೀರಿನ ಮೇಲೂ ಗುರುತು ಬಿಡುತ್ತದೆ. ಗಾಳ ಹುಳುವಿನ ತಲೆಯಲ್ಲೂ ಮೈಯಲ್ಲೂ ಎರಡು ಕಡೆ ಹಿಡಿದುಕೊಂಡಿರುವ ಟೆಕ್ಸಾಸ್ ರಿಗ್‌ನಲ್ಲಿ ಒಂದು ಹುಳು ಕೆಲವು ಮೀನುಗಳವರೆಗೆ ತಾಳುತ್ತದೆ. ಗ್ಯಾರಿ ಯಮಮೋಟೊ 1990ರ ದಶಕದಲ್ಲಿ ಮಾಡಿದ ಸೆಂಕೊ ಎಂಬ ಉಪ್ಪು ತುಂಬಿದ ದಪ್ಪ ಹುಳು ತುಂಬ ಮೆದು. ಅದನ್ನು ನಡುವಿಗೆ ಅಡ್ಡಲಾಗಿ ಚುಚ್ಚಿ ಎರಡೂ ತುದಿ ನಡುಗುತ್ತ ಮುಳುಗುವಂತೆ ಬಿಡುವ ವ್ಯಾಕಿ ರಿಗ್‌ನಲ್ಲಿ ಒಂದೆರಡು ಮೀನಿಗೇ ಹರಿದು ಬಿದ್ದುಹೋಗುತ್ತದೆ. ಬಿದ್ದದ್ದು ಕರಗುವುದಿಲ್ಲ. ಮೆದು ಪಿವಿಸಿ ನೀರಿನಲ್ಲಿ ಉಬ್ಬಿಕೊಳ್ಳುತ್ತದೆ, ತಳದಲ್ಲಿ ಉಳಿಯುತ್ತದೆ, ಅದನ್ನು ನುಂಗಿದ ಮೀನಿನ ಹೊಟ್ಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಮೇನ್ ರಾಜ್ಯದ ಶಾಸನಸಭೆಗೆ 2013ರಲ್ಲಿ ಇಂಥ ಮೆದು ಹುಳುಗಳನ್ನೇ ನಿಷೇಧಿಸುವ ಮಸೂದೆ ಬಂತು; ಬೇಟೆಗಾರರ ವಿರೋಧದ ನಂತರ ಅದು ನಿಷೇಧವಾಗದೆ, ಇಲಾಖೆ ಅಧ್ಯಯನ ಮಾಡಲಿ ಎಂಬಲ್ಲಿಗೆ ಬಂದು ನಿಂತಿತು. ಸೀಸದ ತೂಕಕ್ಕೆ ಟಂಗ್‌ಸ್ಟನ್ ಬದಲಿಯಾಗಿ ಸಿಕ್ಕಿದೆ. ಲೂನ್ ಹಕ್ಕಿಗಳು ಸೀಸ ನುಂಗಿ ಸಾಯುತ್ತಿದ್ದ ನ್ಯೂ ಹ್ಯಾಂಪ್‌ಶೈರ್‌ನಂಥ ರಾಜ್ಯಗಳು ಸಣ್ಣ ಸೀಸದ ತೂಕಗಳನ್ನು ಕಾನೂನಿನಿಂದಲೇ ತಡೆದಿವೆ. ಹುಳುವಿನ ಪ್ಲಾಸ್ಟಿಕ್ಕಿಗೆ ಅಷ್ಟೇ ಮೆದುವಾದ, ಅಷ್ಟೇ ಅಗ್ಗವಾದ, ಕೊಳೆಯುವ ಬದಲಿ ಬಳಕೆಯಲ್ಲಿ ಇನ್ನೂ ನೆಲೆಯೂರಿಲ್ಲ. ಸದ್ಯಕ್ಕೆ ಬಳಕೆಯಲ್ಲಿರುವ ಸುಲಭ ಉಪಾಯವೆಂದರೆ ಹುಳುವಿನ ನಡುವಿಗೆ ಪುಟ್ಟ ರಬ್ಬರ್ ಉಂಗುರ ತೊಡಿಸಿ, ಗಾಳವನ್ನು ಮೈಗೆ ಚುಚ್ಚದೆ ಆ ಉಂಗುರದ ಕೆಳಗೆ ತೂರಿಸುವುದು. ಹಾಗೆ ಕಟ್ಟಿದ ಹುಳು ಬೇಗ ಹರಿಯುವುದಿಲ್ಲ, ಹರಿದ ಹುಳುವನ್ನು ಕೆರೆಗೆ ಎಸೆಯದೆ ಜೇಬಿಗೆ ಹಾಕಿಕೊಂಡು ಹೋಗುವವರಿಗೆ ಹೊರೆಯೂ ಕಡಿಮೆಯಾಗುತ್ತದೆ.